ಮಗ್ಗದ ಮನೆಯಿಂದ ಬಂದ ಗಾಡಿ

ಹರಿಯಬ್ಬೆಯಲ್ಲಿ ಯಾರ ಮನೆಯವರಾದರೂ ತಿರುಪತಿಗೋ ಧರ್ಮಸ್ಥಳಕ್ಕೋ ಹೊರಟರೆಂದರೆ ಮೊದಲ ಪ್ರಶ್ನೆ ಒಂದೇ: ‘ಗಾಡಿ ಹೇಳಿದ್ರಾ?’ ಮುಡುಪು ತೆಗೆದಿಡುವುದು, ಬುತ್ತಿ ಕಟ್ಟುವುದು, ದನಕ್ಕೆ ಮೇವು ಹಾಕುವವರನ್ನು ಗೊತ್ತುಮಾಡುವುದು ಎಲ್ಲ ಆಮೇಲೆ. ‘ಇನ್ನೋವಾ ಹೇಳಿದೀವಿ’ ಎಂದು ಮನೆಯ ಹೆಂಗಸರು ಉತ್ತರ ಕೊಟ್ಟರೆ ಆ ಮಾತಿನೊಳಗೆ ಒಂದು ನೆಮ್ಮದಿ ಇರುತ್ತದೆ. ಅಜ್ಜಿಗೆ ಕಾಲು ಚಾಚಲು ಜಾಗ ಸಿಗುತ್ತದೆ, ಘಾಟಿಯಲ್ಲಿ ಮಕ್ಕಳಿಗೆ ಹೊಟ್ಟೆ ತೊಳೆಸುವುದಿಲ್ಲ, ಹೊರಟವರು ಹೊರಟ ಹಾಗೆಯೇ ಊರು ಮುಟ್ಟುತ್ತಾರೆ. ಕಂಪನಿಯ ಹೆಸರು ಟೊಯೊಟಾ ಎಂಬುದನ್ನು ಹೇಳುವವರು ಕಡಿಮೆ. ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ. ನಮ್ಮ ಸೀಮೆಗೆ ಆ ಎರಡು ಹೆಸರೇ ಸಾಕು.

ಹಿರಿಯೂರಿನಿಂದ ಧರ್ಮಪುರದ ದಿಕ್ಕಿಗೆ, ಆಂಧ್ರದ ಗಡಿಯ ಕಡೆಗೆ ಚಾಚಿಕೊಂಡ ಈ ನೆಲ ಮಳೆಗೆ ಕಾದು ಕಾದು ಬಾಳುವ ನೆಲ. ಶೇಂಗಾ, ರಾಗಿ, ಈರುಳ್ಳಿ. ಕೊಳವೆಬಾವಿ ಕೈಹಿಡಿದವರಿಗೆ ದಾಳಿಂಬೆ, ಅಡಿಕೆ. ಕೊನೆಯ ಬಸ್ಸು ಹೋದ ಮೇಲೆ ಯಾರಿಗಾದರೂ ಎದೆ ನೋವು ಬಂದರೆ, ಹೆರಿಗೆ ನೋವು ಶುರುವಾದರೆ, ಊರಿನ ಬಾಡಿಗೆ ಗಾಡಿಯವನ ಬಾಗಿಲು ತಟ್ಟುವುದು ಹಳೆಯ ರೂಢಿ. ಇಂಥ ಕಡೆ ಗಾಡಿಯ ಮೇಲಿನ ನಂಬಿಕೆ ಶೋಕಿಯ ಮಾತಲ್ಲ. ನಡುರಾತ್ರಿ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ನಾನು ಮೊದಲ ಸಲ ಕ್ವಾಲಿಸ್ ಹತ್ತಿದ್ದು ತಿರುಪತಿಯ ಪ್ರಯಾಣಕ್ಕೆ. ಹತ್ತು ಸೀಟಿನ ಗಾಡಿ. ಮಡಿಲ ಮಕ್ಕಳನ್ನು ಲೆಕ್ಕಕ್ಕೆ ಹಿಡಿದರೆ ನಾವು ಹದಿನಾಲ್ಕು ಜನ. ಹಿಂದುಗಡೆ ಎದುರುಬದುರಾಗಿ ಕೂತವರ ಮಂಡಿಗೆ ಮಂಡಿ ತಾಗುತ್ತಿತ್ತು. ಮೇಲಿನ ಕ್ಯಾರಿಯರ್‌ನಲ್ಲಿ ಹಾಸಿಗೆ ಸುರುಳಿ, ಚಿತ್ರಾನ್ನದ ಪಾತ್ರೆ, ನೀರಿನ ಕ್ಯಾನು. ಮಡಕಶಿರಾ, ಹಿಂದೂಪುರ ಹಾದು ಹೋಗುವ ದಾರಿ ಆಗ ಗುಂಡಿ ಬಿದ್ದು ಹೋಗಿತ್ತು. ಎದುರಿನ ಲಾರಿಗೆ ದಾರಿ ಬಿಡಲು ಟಾರಿನಿಂದ ಮಣ್ಣಿಗೆ ಇಳಿದು ಮತ್ತೆ ಟಾರಿಗೆ ಹತ್ತುವಾಗ ಗಾಡಿ ಒಮ್ಮೆ ಮೈ ಕೊಡವುತ್ತಿತ್ತು, ಅಷ್ಟೇ. ಓಡಿಸುತ್ತಿದ್ದವರು ನಮ್ಮ ಕಡೆಯವರೇ. ಬಾಡಿಗೆ ಹೊಡೆದು ಎರಡು ಹೆಣ್ಣುಮಕ್ಕಳ ಮದುವೆ ಮಾಡಿದವರು. ಪಕ್ಕದಲ್ಲಿ ಕೂತ ನನಗೆ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಇದು ತಾನಾಗಿ ಸಾಯಲ್ಲ ಕಣಪ್ಪ. ನಾವೇ ಎಣ್ಣೆ ನೀರು ನೋಡ್ದೆ ಸಾಯಿಸ್‌ಬೇಕು.’

ಡ್ರೈವರುಗಳ ಮಾತಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಅದರ ಬೇರು ಹುಡುಕಿಕೊಂಡು ಹೊರಟವನಿಗೆ ಈ ಗಾಡಿ ತಯಾರಾದ ಬಿಡದಿಯ ಕಾರ್ಖಾನೆ ಸಿಕ್ಕುವುದು ನಡುದಾರಿಯಲ್ಲಿ. ಬೇರು ಇರುವುದು ಇನ್ನೂ ದೂರ, ಜಪಾನಿನ ಒಂದು ಹಳ್ಳಿಯ ಮಗ್ಗದ ಕೋಣೆಯಲ್ಲಿ.

ಈಗಿನ ಶಿಜುವೊಕಾ ಪ್ರಾಂತದ ಕೊಸಾಯ್ ಎಂಬಲ್ಲಿ 1867ರಲ್ಲಿ ಬಡಗಿಯೊಬ್ಬನ ಮಗನಾಗಿ ಸಕಿಚಿ ಟೊಯೊಡ ಹುಟ್ಟಿದ. ಸುತ್ತಲ ಹಳ್ಳಿಗಳಲ್ಲಿ ಹೊಲದ ಕೆಲಸದ ಜೊತೆಗೆ ಹತ್ತಿ ನೇಯ್ಗೆ. ಮನೆಯ ಹೆಂಗಸರು ಹೊತ್ತು ಮುಳುಗಿದ ಮೇಲೂ ಮಗ್ಗದ ಮುಂದೆ ಕೂತಿರುತ್ತಿದ್ದರು. ತಾಯಿಯ ಈ ದುಡಿತವನ್ನು ನೋಡುತ್ತ ಬೆಳೆದ ಹುಡುಗ ಅಪ್ಪನ ಉಳಿ ಬಾಚಿಯಿಂದಲೇ ಮಗ್ಗ ಬಿಚ್ಚಿ ಕಟ್ಟತೊಡಗಿದ. 1890ರಲ್ಲಿ ಅವನ ಮೊದಲ ಮರದ ಕೈಮಗ್ಗ ಸಿದ್ಧವಾಯಿತು. ಅದುವರೆಗೆ ಲಾಳಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೂರಲು ಎರಡು ಕೈ ಬೇಕಿತ್ತು. ಈ ಮಗ್ಗದಲ್ಲಿ ಒಂದೇ ಕೈಯಿಂದ ಹಣಿಗೆಯನ್ನು ಹಿಂದೆ ಮುಂದೆ ಮಾಡಿದರೆ ಲಾಳಿ ತಾನೇ ಓಡುತ್ತಿತ್ತು. ನೇಯ್ಗೆ ಸುಮಾರು ಅರ್ಧದಷ್ಟು ಹೆಚ್ಚಿತು.

ಚಳ್ಳಕೆರೆಯ ಕಡೆ ಕಂಬಳಿ ನೇಯುವುದನ್ನು ಕಂಡವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವರು ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ಲಾಳಿ ತೂರುತ್ತ, ಕಣ್ಣನ್ನು ಹಾಸಿನ ಮೇಲೆಯೇ ನೆಟ್ಟಿರುತ್ತಾರೆ. ಹುಣಸೆಬೀಜದ ಗಂಜಿ ಕುಡಿಸಿ ಒಣಗಿಸಿದ ಕುರಿ ಉಣ್ಣೆಯ ಎಳೆಗಳು ಗಡುಸು, ಆದರೂ ಕಡಿಯುತ್ತವೆ. ಒಂದು ಎಳೆ ಕಡಿದದ್ದನ್ನು ನೋಡದೆ ನಾಲ್ಕು ಬೆರಳಗಲ ನೇಯ್ದುಬಿಟ್ಟರೆ ಆ ಕಂಬಳಿಗೆ ಸಂತೆಯಲ್ಲಿ ಕಿಮ್ಮತ್ತು ಇಳಿಯಿತು ಎಂದೇ ಲೆಕ್ಕ. ಬಿಚ್ಚಿದರೆ ದಿನ ಹಾಳು, ಬಿಟ್ಟರೆ ಹೆಸರು ಹಾಳು. ಹಾಗಾಗಿ ಎಳೆ ಕಡಿದ ಕೂಡಲೇ ಕೈ ನಿಲ್ಲಬೇಕು, ಗಂಟು ಬೀಳಬೇಕು, ಆಮೇಲೆ ಮುಂದಿನ ಹೊಕ್ಕು.

ಕೈಮಗ್ಗದಲ್ಲಿ ಇದು ನೇಕಾರನ ಕಣ್ಣಿನ ಕೆಲಸ. ಹಬೆಯಿಂದ ಓಡುವ ಮಗ್ಗಕ್ಕೆ ಆ ಕಣ್ಣು ಎಲ್ಲಿಂದ ಬರಬೇಕು? ಎಳೆ ಕಡಿದರೂ ಅದು ಓಡುತ್ತಲೇ ಇರುತ್ತದೆ, ಗಜಗಟ್ಟಲೆ ಕೆಟ್ಟ ಬಟ್ಟೆ ಹೆರುತ್ತದೆ. ಅದನ್ನು ಕಾಯಲು ಪ್ರತಿ ಮಗ್ಗಕ್ಕೂ ಒಬ್ಬ ಮನುಷ್ಯ ಬೇಕು. ಸಕಿಚಿ ತನ್ನ ಆಯುಷ್ಯವನ್ನೆಲ್ಲ ಇದಕ್ಕೇ ಸುರಿದ. ಹೊಕ್ಕಿನ ದಾರ ಕಡಿದರೆ ತಾನೇ ನಿಲ್ಲುವ ಏರ್ಪಾಡು ಮೊದಲು ಬಂತು. ಹಾಸಿನ ಒಂದೊಂದು ಎಳೆಗೂ ಒಂದೊಂದು ತೆಳು ಲೋಹದ ಪಟ್ಟಿಯನ್ನು ತೂಗುಹಾಕಿ, ಎಳೆ ಕಡಿದ ಕ್ಷಣ ಪಟ್ಟಿ ಕೆಳಗೆ ಬಿದ್ದು ಯಂತ್ರವನ್ನು ತಡೆಯುವ ಉಪಾಯ ಸೇರಿಕೊಂಡಿತು. 1924ರಲ್ಲಿ ಮಗ ಕೀಚಿರೋ ಜೊತೆ ಸೇರಿ ಮುಗಿಸಿದ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ ಓಟ ನಿಲ್ಲಿಸದೆ ಲಾಳಿ ಬದಲಾಯಿಸುತ್ತಿತ್ತು, ದಾರ ಕಡಿದರೆ ಮಾತ್ರ ನಿಲ್ಲುತ್ತಿತ್ತು. ಒಬ್ಬ ಕೆಲಸಗಾರ್ತಿ ಮೂವತ್ತು ಮಗ್ಗ ನೋಡಿಕೊಳ್ಳುವಂತಾಯಿತು. ಆ ಕಾಲಕ್ಕೆ ಜಗತ್ತಿಗೇ ಮಗ್ಗ ಮಾರುತ್ತಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಇದರ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಂಡಿತು.

ತಪ್ಪು ಕಂಡಲ್ಲಿ ನಿಲ್ಲುವ ಯಂತ್ರ. ಟೊಯೊಟಾದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಬೇರೆಯವರು ಯಂತ್ರ ಇನ್ನಷ್ಟು ವೇಗವಾಗಿ ಓಡಲಿ ಎಂದು ತಲೆ ಕೆಡಿಸಿಕೊಂಡಾಗ ಈ ಬಡಗಿಯ ಮಗ ಅದು ಯಾವಾಗ ನಿಲ್ಲಬೇಕು ಎಂದು ಯೋಚಿಸಿದ.

ಸಕಿಚಿ 1930ರಲ್ಲಿ ತೀರಿಕೊಂಡ. ಟೋಕಿಯೊದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ ಕೀಚಿರೋಗೆ ಮಗ್ಗಕ್ಕಿಂತ ಮೋಟಾರಿನ ಹುಚ್ಚು. ಆಗ ಜಪಾನಿನ ರಸ್ತೆಯಲ್ಲಿ ಓಡುತ್ತಿದ್ದದ್ದು ಹೆಚ್ಚಾಗಿ ಅಮೆರಿಕದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಗಾಡಿಗಳು. 1933ರಲ್ಲಿ ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲೇ ಮೋಟಾರು ವಿಭಾಗ ತೆರೆಯಿತು. 1935ರಲ್ಲಿ ಮೊದಲ ಲಾರಿ ‘ಜಿ1’ ಮಾರುಕಟ್ಟೆಗೆ ಬಂತು. ಆ ಲಾರಿ ಪದೇಪದೇ ಕೆಡುತ್ತಿತ್ತು. ಹಿಂದಿನ ಆಕ್ಸಲ್ ಮುರಿಯುತ್ತಿತ್ತು. ಕೆಟ್ಟು ನಿಂತಲ್ಲಿಗೇ ಎಂಜಿನಿಯರುಗಳು ಓಡಿಹೋಗಿ ರಿಪೇರಿ ಮಾಡಿ, ಯಾವ ಭಾಗ ಯಾಕೆ ಹೋಯಿತು ಎಂದು ಬರೆದುಕೊಂಡು ಬರುತ್ತಿದ್ದರು. ಇವತ್ತು ‘ಸಾಯಲ್ಲ’ ಎನ್ನಿಸಿಕೊಳ್ಳುವ ಗಾಡಿಯ ಮನೆತನ ಶುರುವಾದದ್ದು ದಾರಿಯುದ್ದಕ್ಕೂ ಕೆಟ್ಟು ನಿಲ್ಲುವ ಲಾರಿಯಿಂದ ಎಂಬುದು ನನಗೆ ಬಹಳ ಇಷ್ಟದ ಸಂಗತಿ.

1936ರಲ್ಲಿ ಕಾರಿಗೊಂದು ಲಾಂಛನ ಬೇಕೆಂದು ಸಾರ್ವಜನಿಕರಿಂದ ಚಿತ್ರಗಳನ್ನು ಕರೆದಾಗ 27 ಸಾವಿರ ನಮೂನೆ ಬಂದವು. ಗೆದ್ದ ಚಿತ್ರದಲ್ಲಿ ‘ಟೊಯೊಡ’ ಎಂಬುದು ‘ಟೊಯೊಟ’ ಆಗಿತ್ತು. ಜಪಾನಿ ಲಿಪಿಯಲ್ಲಿ ಹಾಗೆ ಬರೆದರೆ ಎಂಟು ಗೀಟು. ಎಂಟು ಅವರಿಗೆ ಶುಭದ ಸಂಖ್ಯೆ. ಟೊಯೊಡ ಎಂದರೆ ಹುಲುಸಾದ ಗದ್ದೆ. ಮನೆತನದ ಹೆಸರಿನಿಂದ ಒಂದು ಅಕ್ಷರ ಸರಿದು 1937ರ ಆಗಸ್ಟ್‌ನಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು.

ಯುದ್ಧ ಮುಗಿದ ಮೇಲಿನ ಜಪಾನ್ ಬರಿಗೈಯ ದೇಶ. 1950ರಲ್ಲಿ ಸಾಲದ ಹೊರೆಗೆ ಕಂಪನಿ ಮುಳುಗುವ ಹಂತಕ್ಕೆ ಬಂತು. ಸಾವಿರಾರು ಜನರನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗ ಮುಷ್ಕರವಾಯಿತು. ಕೀಚಿರೋ ಹೊಣೆ ಹೊತ್ತು ಅಧ್ಯಕ್ಷ ಸ್ಥಾನ ಬಿಟ್ಟ. ಅದೇ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಲಾರಿಗಳಿಗೆ ಬೇಡಿಕೆ ಬಂತು, ಕಂಪನಿ ಉಳಿಯಿತು. ಅದರ ಏಳಿಗೆ ನೋಡುವ ದಿನ ಮಾತ್ರ ಕೀಚಿರೋಗೆ ಬರಲಿಲ್ಲ, 1952ರಲ್ಲಿ ತೀರಿಹೋದ.

ಮುಂದೆ ಈ ಕಾರ್ಖಾನೆಗೆ ಅದರ ಹೆಸರಾಂತ ಪದ್ಧತಿ ಕಟ್ಟಿಕೊಟ್ಟ ತೈಚಿ ಓನೊ ಕೂಡ ಮಗ್ಗದ ಮನೆಯವನೇ. 1932ರಲ್ಲಿ ಟೊಯೊಡ ನೂಲು ಮತ್ತು ನೇಯ್ಗೆಯ ಗಿರಣಿ ಸೇರಿ, 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದವನು. ಗಿರಣಿಯಲ್ಲಿ ಒಬ್ಬ ಹುಡುಗಿ ಇಪ್ಪತ್ತು ಮೂವತ್ತು ಮಗ್ಗ ನೋಡಿಕೊಳ್ಳುವುದನ್ನು ಕಂಡಿದ್ದವನಿಗೆ ಇಲ್ಲಿ ಒಂದು ಯಂತ್ರಕ್ಕೆ ಒಬ್ಬ ಕಾವಲು ಕೂತದ್ದು ವಿಚಿತ್ರವಾಗಿ ಕಂಡಿತು. ಬೇಕಾದ ಸಾಮಾನು, ಬೇಕಾದಾಗ, ಬೇಕಾದಷ್ಟೇ ಬರಲಿ. ಗೋದಾಮಿನಲ್ಲಿ ರಾಶಿ ಬೀಳುವುದು ಬೇಡ ಎಂದ. ಮುಂದಿನ ಮೇಜಿನವನಿಗೆ ಸಾಮಾನು ಬೇಕಾದಾಗ ಹಿಂದಿನವನಿಗೆ ಒಂದು ಚೀಟಿ ಹೋಗುತ್ತದೆ. ಅದೇ ‘ಕಾನ್‌ಬಾನ್’. ಸಕಿಚಿಯ ಮಗ್ಗದ ಗುಣವನ್ನು ಓನೊ ಮನುಷ್ಯರಿಗೂ ಕೊಟ್ಟ. ಕಾರು ಜೋಡಿಸುವ ಸಾಲಿನಲ್ಲಿ ಯಾವನೇ ಕೆಲಸಗಾರನಿಗೆ ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವರು ಬರುತ್ತಾರೆ, ಆ ಹೊತ್ತಿಗೆ ತಪ್ಪು ತಿದ್ದಲಾಗದಿದ್ದರೆ ಸಾಲೇ ನಿಲ್ಲುತ್ತದೆ. ಕೋಟಿಗಟ್ಟಲೆ ಬಂಡವಾಳದ ಕಾರ್ಖಾನೆಯನ್ನು ನಿಲ್ಲಿಸುವ ಹಗ್ಗ ಸಾಮಾನ್ಯ ಕೂಲಿಕಾರನ ಕೈಗೆ ಎಟಕುವಷ್ಟು ಕೆಳಗೆ ತೂಗುವುದೆಂದರೆ ಸಣ್ಣ ಮಾತಲ್ಲ. ಎಳೆ ಕಡಿದ ಕೂಡಲೇ ಗಂಟು ಹಾಕುವ ನಮ್ಮ ಕಂಬಳಿಯವರಿಗೆ ಈ ತತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಟೊಯೊಟಾ ನಮ್ಮ ದೇಶಕ್ಕೆ ಬಂದ ಬಗೆ. ಅಲ್ಲೂ ಮಗ್ಗ ಬೆನ್ನು ಬಿಡಲಿಲ್ಲ. 1980ರ ದಶಕದಲ್ಲಿ ಅದು ಮೊದಲು ಕೈಜೋಡಿಸಿದ್ದು ಡಿಸಿಎಂ ಜೊತೆ, ಅಂದರೆ ದಿಲ್ಲಿಯ ಬಟ್ಟೆ ಗಿರಣಿಯ ಮನೆತನದ ಜೊತೆ. ‘ಡಿಸಿಎಂ ಟೊಯೊಟಾ’ ಎಂಬ ಸಣ್ಣ ಲಾರಿ ಬಂತು. ಆ ಕಂಪನಿ ಮುಂದೆ ಕೈಬದಲಾಯಿತು, ಆದರೆ ಹೆಸರು ಉಳಿಯಿತು. ಗಡಿ ದಾಟಿ ಆಂಧ್ರ, ತೆಲಂಗಾಣದ ಕಡೆ ಹೋದರೆ ನಡುಗಾತ್ರದ ಲಾರಿಗೆ, ಅದು ಯಾವ ಕಂಪನಿಯದಾದರೂ ಸರಿ, ‘ಡಿಸಿಎಂ’ ಎನ್ನುವವರು ಈಗಲೂ ಇದ್ದಾರೆ. 1995ರಲ್ಲಿ ಟೊಯೊಟಾ ಬಳಗ ಕರ್ನಾಟಕಕ್ಕೆ ಕಾಲಿಟ್ಟದ್ದೂ ಕಾರು ಮಾಡಲಿಕ್ಕಲ್ಲ. ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ ಕಿರ್ಲೋಸ್ಕರ್ ಬಳಗದ ಜೊತೆ ಸೇರಿ ನೂಲುವ ಯಂತ್ರ ಮಾಡಲಿಕ್ಕೆ. ಆ ಪರಿಚಯವೇ ಎರಡು ವರ್ಷದ ಮೇಲೆ ಕಾರಿನ ನಂಟಾಯಿತು. 1997ರ ಅಕ್ಟೋಬರ್‌ನಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು.

ಕಿರ್ಲೋಸ್ಕರ್ ಎಂಬ ಹೆಸರನ್ನು ಹರಿಯಬ್ಬೆಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ತೋಟದ ಬಾವಿಯ ಪಂಪಿನ ಮೇಲೆ, ಡೀಸೆಲ್ ಎಂಜಿನ್ನಿನ ಮೇಲೆ ಆ ಹೆಸರು ನೋಡುತ್ತಲೇ ನಾವೆಲ್ಲ ಬೆಳೆದದ್ದು. ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಸಕಿಚಿಗಿಂತ ಎರಡೇ ವರ್ಷ ಚಿಕ್ಕವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಆ ನೇಗಿಲನ್ನು ಮುಟ್ಟದೆ ಹಿಂಜರಿದ ಕಥೆ ಈಗಲೂ ಹೇಳುತ್ತಾರೆ. ಒಬ್ಬ ತಾಯಿಯ ಮಗ್ಗ ನೋಡಿ ಶುರುಮಾಡಿದವನು, ಇನ್ನೊಬ್ಬರು ರೈತನ ನೇಗಿಲು ನೋಡಿ ಶುರುಮಾಡಿದವರು. ಒಬ್ಬರನ್ನೊಬ್ಬರು ಕಾಣದ ಆ ಇಬ್ಬರ ಮನೆತನಗಳು ಬಿಡದಿಯಲ್ಲಿ ಬೀಗರಾದವು.

ನಮ್ಮ ಜಿಲ್ಲೆಗೆ ಕಿರ್ಲೋಸ್ಕರ್ ಮನೆತನದ ಇನ್ನೊಂದು ನಂಟೂ ಇತ್ತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋದವು. ಹರಿಹರ ಆಗ ಚಿತ್ರದುರ್ಗ ಜಿಲ್ಲೆಯ ಊರು. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಿಹರ ನಮ್ಮ ಕೈತಪ್ಪಿ ಅತ್ತ ಹೋಯಿತು. ಅದಾಗಿ ಎರಡೇ ತಿಂಗಳಿಗೆ ಬಿಡದಿಯ ಕಂಪನಿ ನೋಂದಣಿಯಾಯಿತು. ಹರಿಹರದ ಕಾರ್ಖಾನೆ ಮುಂದೆ ಬಾಗಿಲು ಹಾಕಿತು. ಸಾವಿರಾರು ಮನೆಗಳ ಒಲೆ ಉರಿಸಿದ್ದ ಆ ಕಾರ್ಖಾನೆಯ ನೋವು ದೊಡ್ಡದು, ಅದು ಬೇರೆಯೇ ಲೇಖನದ ವಿಷಯ. ಇಲ್ಲಿ ಇಷ್ಟು ಹೇಳಿದರೆ ಸಾಕು: ಬಿಡದಿಯ ಕಂಪನಿಯನ್ನು ಮುನ್ನಡೆಸಿದ, ಮನೆತನದ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡದ್ದು 2022ರ ನವೆಂಬರ್ 29ರಂದು, 64ರ ಪ್ರಾಯದಲ್ಲಿ.

ಬಿಡದಿ ಅಂದರೆ ಆಗ ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ಬಸ್ಸು ನಿಲ್ಲುವ ಊರು. ಅಲ್ಲಿನ 432 ಎಕರೆಯಲ್ಲಿ ಕಾರ್ಖಾನೆ ಎದ್ದು, 1999ರ ಕೊನೆಗೆ ಗಾಡಿಗಳು ಹೊರಬೀಳತೊಡಗಿದವು. 2000ದ ಜನವರಿಗೆ ಕ್ವಾಲಿಸ್ ಮಾರುಕಟ್ಟೆಗೆ ಬಂತು. ಪಟ್ಟಣದ ಕಾರು ಪಂಡಿತರಿಗೆ ಅದು ಹಿಡಿಸಲಿಲ್ಲ. ಡಬ್ಬಿಯಂಥ ಆಕಾರ, ಹಳೇ ಕಾಲದ ಡ್ಯಾಶ್‌ಬೋರ್ಡು. ಅವರು ಹೇಳಿದ್ದು ಸುಳ್ಳೇನಲ್ಲ. ಕ್ವಾಲಿಸ್ ಎಂಬುದು ಇಂಡೊನೇಷ್ಯಾದಲ್ಲಿ 1977ರಿಂದ ಓಡುತ್ತಿದ್ದ ‘ಕಿಜಾಂಗ್’ ಗಾಡಿಯ ಮೂರನೇ ತಲೆಮಾರು. ಕಿಜಾಂಗ್ ಅಂದರೆ ಅವರ ಭಾಷೆಯಲ್ಲಿ ಕಾಡುಜಿಂಕೆ. ಆ ದ್ವೀಪಗಳ ಹಳ್ಳಿ ರಸ್ತೆಗೆ, ದೊಡ್ಡ ಕುಟುಂಬಕ್ಕೆ, ಹಬ್ಬಕ್ಕೆ ಊರಿಗೆ ಹೊರಟ ಜನಕ್ಕೆ ಎಂದೇ ಕಟ್ಟಿದ ಗಾಡಿ.

ಅಂದಮೇಲೆ ಅದು ನಮಗೆ ಒಪ್ಪದೆ ಇನ್ನಾರಿಗೆ ಒಪ್ಪೀತು? ಅಡಿಯಲ್ಲಿ ಲಾರಿಗಿರುವಂಥ ಚಾಸಿ, ಹಿಂದೆ ಕಮಾನು ಪಟ್ಟಿ. 2.4 ಲೀಟರಿನ ಡೀಸೆಲ್ ಎಂಜಿನ್, ಶಕ್ತಿ 75 ಕುದುರೆಯಷ್ಟು. ಅಷ್ಟು ದೊಡ್ಡ ಎಂಜಿನ್ನಿಗೆ ಅದು ಕಡಿಮೆ ಶಕ್ತಿಯೇ. ಬಾಳಿಕೆಯ ಗುಟ್ಟು ಒಂದು ಪಾಲು ಅಲ್ಲೇ ಇದೆ. ಎತ್ತಿಗೆ ಎಳೆಯಲಾರದಷ್ಟು ಹೇರು ಹಾಕದವನ ಎತ್ತು ಹೆಚ್ಚು ವರ್ಷ ಬಾಳುತ್ತದಲ್ಲ, ಹಾಗೆ. ಅವಸರವಿಲ್ಲದೆ, ಬಿಸಿಯೇರದೆ, ತನ್ನ ಪಾಡಿಗೆ ಎಳೆದುಕೊಂಡು ಹೋಗುವ ಎಂಜಿನ್. ಬಾಗಿಲು ಅಗಲ, ಹತ್ತುವ ಎತ್ತರ ಹಿತ. ಸೀರೆ ಉಟ್ಟ ಅಜ್ಜಿಯಂದಿರು ಮತ್ತೊಬ್ಬರ ಕೈ ಹಿಡಿಯದೆ ಹತ್ತುತ್ತಿದ್ದರು. ಕಾರಿಗೆ ಹತ್ತುವುದು ಅಂದರೆ ಬಗ್ಗಿ ನುಸುಳುವುದು ಎಂದುಕೊಂಡಿದ್ದವರಿಗೆ ಇದು ದೊಡ್ಡ ಸುಖ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳ ಕಾಲ ಶುರುವಾಗಿತ್ತು. ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನು ಮನೆಯಿಂದ ಕಚೇರಿಗೆ ಸಾಗಿಸಲು ಸುಮೋ, ಕ್ವಾಲಿಸ್‌ಗಳು ಸಾಲುಗಟ್ಟಿದವು. ಬಯಲುಸೀಮೆಯ ಎಷ್ಟೋ ಹುಡುಗರು ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಸ್ಟಿಯರಿಂಗ್ ಹಿಡಿದದ್ದು ಆಗಲೇ. ಊರಿಗೆ ಬಂದಾಗ ಅವರ ಮಾತೆಲ್ಲ ‘ಟ್ರಿಪ್ಪು’, ‘ಲಾಗಿನ್ನು’, ‘ಡ್ರಾಪು’. ಮನೆಯಲ್ಲಿ ಮಾರಲು ಒಡವೆ ಇದ್ದವರು, ಸೊಸೈಟಿಯಲ್ಲಿ ಸಾಲ ಹುಟ್ಟಿದವರು ಸೆಕೆಂಡ್ ಹ್ಯಾಂಡ್ ಕ್ವಾಲಿಸ್ ತಂದು ಹಿರಿಯೂರಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಆ ಕೊಳ್ಳುವಿಕೆಯ ಹಿಂದಿದ್ದದ್ದು ಹೊಲ ಕೊಳ್ಳುವವನ ಲೆಕ್ಕ. ಹತ್ತು ವರ್ಷ ದುಡಿಯುತ್ತದೆಯೇ? ಕೊನೆಗೆ ಮಾರಿದರೆ ಎಷ್ಟಕ್ಕೆ ಹೋಗುತ್ತದೆ? ಮೂರು ಲಕ್ಷ ಕಿಲೋಮೀಟರ್ ಓಡಿದ ಮೇಲೂ ‘ಎಂಜಿನ್ ಬಿಚ್ಚಿಲ್ಲ’ ಎಂಬ ಒಂದು ಮಾತಿನ ಮೇಲೆ ಗಾಡಿ ಮಾರಾಟವಾಗುವುದನ್ನು ನಾನೇ ನೋಡಿದ್ದೇನೆ.

ಕ್ವಾಲಿಸ್ ಚೆನ್ನಾಗಿ ಓಡುತ್ತಿದ್ದಾಗಲೇ 2005ರಲ್ಲಿ ಕಂಪನಿ ಅದನ್ನು ನಿಲ್ಲಿಸಿ ಇನ್ನೋವಾ ತಂದಿತು. ಹಾಲು ಕೊಡುವ ಹಸುವನ್ನು ಯಾರಾದರೂ ಮಾರುತ್ತಾರೆಯೇ ಎಂದು ನಮ್ಮ ಕಡೆಯವರು ತಲೆಯಾಡಿಸಿದರು. ಬೆಲೆಯೂ ಏರಿತ್ತು. ಆದರೆ ಚಾಸಿ ಅದೇ ಜಾತಿಯದು, ಎಳೆಯುವುದು ಹಿಂದಿನ ಚಕ್ರವೇ. ಕಮಾನು ಪಟ್ಟಿ ಹೋಗಿ ಸುರುಳಿ ಸ್ಪ್ರಿಂಗ್ ಬಂದಿತ್ತು. ಹಿರಿಯೂರಿನ ಮೇಲೆ ಹಾದುಹೋಗುವ ಬೆಂಗಳೂರು–ಪುಣೆ ಹೆದ್ದಾರಿ ನಾಲ್ಕು ಪಥಕ್ಕೆ ಅಗಲವಾಗುತ್ತಿದ್ದ ಕಾಲವೂ ಅದೇ. ಗುಂಡಿ ರಸ್ತೆಗೆ ಹೇಳಿ ಮಾಡಿಸಿದ್ದ ಕ್ವಾಲಿಸ್ ಹೋಗಿ ಹೆದ್ದಾರಿಯ ವೇಗಕ್ಕೆ ಇನ್ನೋವಾ ಬಂದದ್ದು ನಮ್ಮ ರಸ್ತೆಯ ಚರಿತ್ರೆಗೆ ಸರಿಹೊಂದಿತು. ನಡುಸೀಟಿನಲ್ಲಿ ಕೂತವರಿಗೆ ಬೆಂಗಳೂರು ಮುಟ್ಟುವ ತನಕ ನಿದ್ದೆ. ಶಾಸಕರಿಗೂ ಅದೇ ಗಾಡಿ, ಮದುಮಗಳಿಗೂ ಅದೇ ಗಾಡಿ, ಡಯಾಲಿಸಿಸ್‌ಗೆ ಹೋಗುವ ರೋಗಿಗೂ ಅದೇ ಗಾಡಿ. ಹಾಗೆ ಎಲ್ಲರಿಗೂ ಒಗ್ಗಿದ ವಾಹನ ಅಂಬಾಸಿಡರ್ ಆದಮೇಲೆ ಇದೊಂದೇ ಎಂದು ನನ್ನ ಎಣಿಕೆ.

ಬಿಡದಿಯಲ್ಲಿ ನನಗೆ ಕಾರಿಗಿಂತ ಮುಖ್ಯವಾಗಿ ಕಾಣುವುದು 2007ರಲ್ಲಿ ಕಾರ್ಖಾನೆಯ ಆವರಣದಲ್ಲೇ ಶುರುವಾದ ತಾಂತ್ರಿಕ ತರಬೇತಿ ಶಾಲೆ. ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಹಳ್ಳಿ ಹುಡುಗರಿಗೆ ಮೂರು ವರ್ಷ ಅಲ್ಲೇ ಊಟ, ವಸತಿ, ಕೆಲಸದ ಕಲಿಕೆ. ಮೊದಮೊದಲು ವರ್ಷಕ್ಕೆ 64 ಮಂದಿ. ಈಚೆಗೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಹತ್ತನೇ ತರಗತಿ ಮುಗಿಸಿ ಮುಂದೇನು ಎಂದು ಕೂತ ಮಕ್ಕಳು ನಮ್ಮ ಹೋಬಳಿಯಲ್ಲಿ ಎಷ್ಟಿದ್ದಾರೆ ಎಂದು ಬಲ್ಲವರಿಗೆ ಇಂಥ ಶಾಲೆಗಳು ಇನ್ನೂ ಹತ್ತು ಯಾಕಿಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಹಾಗೆಂದು ಬಿಡದಿಯ ಹಗ್ಗ ಯಾವಾಗಲೂ ಸಲೀಸಾಗಿ ಕೈಗೆ ಎಟಕಿತು ಎನ್ನಲಾಗದು. 2014ರಲ್ಲಿ ಒಮ್ಮೆ ಬೀಗಮುದ್ರೆಯಾಯಿತು. 2020ರ ನವೆಂಬರ್‌ನಲ್ಲಿ ನೌಕರನೊಬ್ಬನ ಅಮಾನತಿನಿಂದ ಹೊತ್ತಿದ ಜಗಳ ಮತ್ತೆ ಬೀಗಮುದ್ರೆಗೆ ಮುಟ್ಟಿ, ಸಾವಿರಾರು ಕಾರ್ಮಿಕರು ತಿಂಗಳುಗಟ್ಟಲೆ ಬಯಲಲ್ಲಿ ಕೂತರು. 2021ರ ಮಾರ್ಚ್ ಹೊತ್ತಿಗಷ್ಟೇ ಅದು ಮುಗಿದದ್ದು. ಕೆಲಸದ ಹೊರೆ ಮೈಮೀರಿದೆ ಎಂಬುದು ಕಾರ್ಮಿಕ ಸಂಘದ ದೂರು. ಶಿಸ್ತು ಮುರಿಯಿತು ಎಂಬುದು ಕಂಪನಿಯ ವಾದ. ಯಂತ್ರ ದಣಿದಾಗ ನಿಲ್ಲಿಸುವ ವಿದ್ಯೆ ಬಲ್ಲ ಮನೆತನ ಮನುಷ್ಯ ದಣಿದೆನೆಂದಾಗಲೂ ಅಷ್ಟೇ ಬೇಗ ಕಿವಿಗೊಡಬೇಕಿತ್ತು ಎಂದು ನನಗನ್ನಿಸುತ್ತದೆ.

ಇನ್ನೊಂದು ಪೆಟ್ಟು ಬಿದ್ದದ್ದು ಮೂಲದಲ್ಲೇ. ಸಕಿಚಿಯ ಆ ಮಗ್ಗದ ಕಂಪನಿ ಈಗಲೂ ಇದೆ. ಟೊಯೊಟಾ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಮಗ್ಗದ ಜೊತೆಗೆ ಡೀಸೆಲ್ ಎಂಜಿನ್‌ಗಳನ್ನೂ ಮಾಡುತ್ತದೆ. ಪ್ರಮಾಣಪತ್ರದ ಪರೀಕ್ಷೆಯಲ್ಲಿ ಎಂಜಿನ್ ಶಕ್ತಿಯ ಅಂಕಿಗಳು ಏರುಪೇರಿಲ್ಲದೆ ಕಾಣಲೆಂದು, ಮಾರಾಟದ ಗಾಡಿಯಲ್ಲಿ ಇಲ್ಲದ ಬೇರೆ ಸಾಫ್ಟ್‌ವೇರ್ ಬಳಸಿದ್ದು 2024ರ ಜನವರಿಯಲ್ಲಿ ಬಯಲಾಯಿತು. ಅದರ ಬಿಸಿ ನಮ್ಮ ಇನ್ನೋವಾ ಕ್ರಿಸ್ಟಾ, ಫಾರ್ಚುನರ್‌ಗಳಿಗೂ ತಟ್ಟಿ ಕೆಲವು ದಿನ ಗಾಡಿಗಳ ರವಾನೆ ನಿಂತಿತು. ಓಡುತ್ತಿರುವ ಗಾಡಿಗಳಿಗೆ ತೊಂದರೆಯಿಲ್ಲ ಎಂದು ಕಂಪನಿ ಹೇಳಿತು; ಆಮೇಲೆ ರವಾನೆಯೂ ಶುರುವಾಯಿತು. ಬೇರೆ ಯಾವ ಕಂಪನಿ ಹೀಗೆ ಮಾಡಿದ್ದರೂ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕಡಿದ ಎಳೆಯನ್ನು ಎತ್ತಿ ತೋರಿಸುವ ಮಗ್ಗ ಹುಟ್ಟಿದ ಮನೆಯೊಳಗೇ ಎಳೆಯನ್ನು ಮರೆಮಾಚಿ ನೇಯ್ದಿದ್ದರು.

ಕಾರುಗಳ ಲೋಕ ಈಗ ಮಗ್ಗುಲು ಬದಲಿಸುತ್ತಿದೆ. ಸಕಿಚಿಯ ಊರಿಗೆ ಹತ್ತಿರದ ಹಮಾಮಾತ್ಸುವಿನಲ್ಲಿ ಮಿಚಿಯೊ ಸುಜುಕಿ ಎಂಬ ಇನ್ನೊಬ್ಬ 1909ರಲ್ಲಿ ಮಗ್ಗದ ಕಾರ್ಖಾನೆ ಇಟ್ಟಿದ್ದ. ಮಾರುತಿಯ ಸುಜುಕಿ ಅದೇ ಮನೆ. ನೆರೆಹೊರೆಯ ಆ ಎರಡು ಮಗ್ಗದ ಮನೆಗಳು ಈಗ ಒಂದಾಗಿ, 2022ರಿಂದ ಟೊಯೊಟಾದ ಹೈರೈಡರ್ ಮತ್ತು ಸುಜುಕಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯಲ್ಲೇ ತಯಾರಾಗತೊಡಗಿದವು. ಅದೇ ವರ್ಷದ ಕೊನೆಗೆ ಬಂದ ಇನ್ನೋವಾ ಹೈಕ್ರಾಸ್‌ನಲ್ಲಿ ಹಳೆಯ ಚಾಸಿಯೂ ಇಲ್ಲ, ಡೀಸೆಲ್ಲೂ ಇಲ್ಲ. ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಎಳೆಯುವುದು ಮುಂದಿನ ಚಕ್ರ. ನಮ್ಮ ಡ್ರೈವರುಗಳು ಇನ್ನೂ ಅನುಮಾನದಲ್ಲೇ ಇದ್ದಾರೆ. ಡೀಸೆಲ್ ಕ್ರಿಸ್ಟಾ ಸಿಗುವ ತನಕ ಅದೇ ಇರಲಿ ಎನ್ನುವವರು ಹೆಚ್ಚು. ಬ್ಯಾಟರಿ ಕೈಕೊಟ್ಟರೆ ಹಿರಿಯೂರಿನಲ್ಲಿ ಬಿಚ್ಚುವವರು ಯಾರು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ದೂರದ ಊರಿನವನಿಗೆ ಗಾಡಿಯ ಗುಣ ಎಷ್ಟು ಮುಖ್ಯವೋ ಗಾಡಿ ಬಿಚ್ಚಬಲ್ಲ ಮೆಕ್ಯಾನಿಕ್ ಅಷ್ಟೇ ಮುಖ್ಯ.

ತಿರುಪತಿಗೆ ಕರೆದೊಯ್ದಿದ್ದ ಆ ಡ್ರೈವರಿಗೆ ಈಗ ವಯಸ್ಸಾಗಿದೆ. ಮಗ ಬೆಂಗಳೂರಿನಲ್ಲಿ ಹೈಕ್ರಾಸ್ ಓಡಿಸುತ್ತಾನೆ, ಗಾಡಿ ಬೇರೆಯವರದು. ಹೋದ ಹಬ್ಬಕ್ಕೆ ಅದನ್ನು ಊರಿಗೆ ತಂದಿದ್ದಾಗ ಅಪ್ಪನೂ ಒಮ್ಮೆ ಸ್ಟಿಯರಿಂಗ್ ಹಿಡಿದು ಹಿರಿಯೂರಿನ ತನಕ ಹೋಗಿಬಂದರಂತೆ. ಟಿ.ಬಿ. ಸರ್ಕಲ್‌ನಲ್ಲಿ ಅಡ್ಡ ಬಂದ ಬಸ್ಸಿಗೆ ದಾರಿ ಬಿಡಲು ಬ್ರೇಕು ಒತ್ತಿ ನಿಂತರೆ ಎಂಜಿನ್ನಿನ ಸದ್ದೇ ಇಲ್ಲ. ಎದೆ ಧಸಕ್ಕೆಂದಿತಂತೆ. ನಲವತ್ತು ವರ್ಷ ಗಾಡಿ ಹೊಡೆದವರಿಗೆ ನಡುರಸ್ತೆಯಲ್ಲಿ ಎಂಜಿನ್ ಮಾತು ನಿಲ್ಲಿಸುವುದೆಂದರೆ ಒಂದೇ ಅರ್ಥ.

‘ಕೆಟ್ಟೋತು ಅಂದ್ಕಂಡು ಇಳಿಯಾಕೆ ಬಾಗ್ಲು ತೆಗ್ದಿದ್ದೆ ಕಣಪ್ಪ’ ಎಂದರು ಜಗಲಿಯ ಮೇಲೆ ಕೂತು. ‘ಪಕ್ಕದಲ್ಲಿದ್ದ ಮಗ ನಗ್ತಾನೆ. ನಿಲ್ಲೋದು ಅದ್ರ ಕೆಲ್ಸಾನೇ ಅಂತೆ. ಬ್ರೇಕ್ ಬಿಡಪ್ಪ ಅಂದ, ಬಿಟ್ಟೆ. ಉಸ್ ಅನ್ಲಿಲ್ಲ, ಹೊಂಟೋತು.’